ಗದ್ದಿ ಅಂಗಿ

ಗಂಗಾವತಿ ಹತ್ರದ ಮರಳಿ ಅನ್ನೋ ಊರಿನ ಕಡೆ ಭತ್ತದ ನಾಟಿಗೆ ಹೋಗೋ ನಾವು ಹೆಣ್ಮಕ್ಕಳು ಸೀರಿ ಮ್ಯಾಲ ಗಂಡಸರ ತುಂಬುತೋಳಿನ ಅಂಗಿ ಹಾಕ್ಕೋತೀವಿ. ಬಿಸಿಲು ತಡೀತೈತಿ, ಸಸಿ ಗರಿ ಕೈ ಗೀರೂದಿಲ್ಲ. ನಂದು ಗಂಡನ ಹಳೇ ಅಂಗಿ, ಮೊಣಕಾಲತನಕ ಬರ್ತೈತಿ. ಆದ್ರ ಊರು ಹತ್ರ ಬಂತು ಅಂದ್ರ ಅದನ್ನ ಬಿಚ್ಚಿ ಬುತ್ತಿ ಚೀಲದಾಗ ತುರುಕಬೇಕು. ಹಂಗ ಓಣ್ಯಾಗ ಬಂದ್ರ ಕಟ್ಟಿ ಮ್ಯಾಲಿನ ಹಿರೇರು ಕೆಮ್ಮತಾರ. ಮದುವಿ ಆದಾಗಿಂದ ಹಿಂಗ ಬಿಚ್ಚಿಕೋತ ಬಂದೀನಿ.

ಈಗ ಗಂಗಾವತಿ ಬಜಾರದಾಗ ಅಂಗಡಿ ಗೊಂಬಿಗಳಿಗೂ ಅಂಥಾದ್ದ ದೊಗಳಿ ಅಂಗಿ ಹಾಕ್ಯಾರ. ಕಾಲೇಜಿಗೆ ಹೋಗೋ ನನ್ನ ಮಗಳು ಹಟ ಹಿಡಿದು ಒಂದು ತಗೊಂಡ್ಲು. ಹೆಗಲಿನ ಹೊಲಿಗಿ ಮೊಣಕೈಗೆ ಜಾರಿತ್ತು.

“ಇದು ಓವರ್‌ಸೈಜ್ ರಿ, ಹೊರದೇಶದ ಬೀದಿ ಹುಡುಗರಿಂದ ಬಂದ ಸ್ಟೈಲು,” ಅಂದ ಅಂಗಡ್ಯಾಂವ.

ಬಂದಿರಬೇಕು. ನಮಗ ನಮ್ಮ ಅಂಗೀನ ಗದ್ದಿಯಿಂದ ಬೀದಿಗೆ ತರಾಕ ಯಾರು ಬಿಟ್ಟಿದ್ರು?

ಮೊನ್ನಿ ಗಂಗಾವತಿ ಹತ್ರದ ಗದ್ಯಾಗ ನಾಟಿ ಲಗೂ ಮುಗೀತು. ಮಗಳ ಜೋಡಿ ಮನಿಗೆ ಹೋದ್ರಾತು ಅಂತ ಕಾಲೇಜಿನ ಗೇಟಿಗೆ ಹೋಗಿ ನಿಂತೆ. ಹೊರಗ ಬರೋ ಹುಡುಗ್ಯಾರೆಲ್ಲ ದೊಗಳಿ ಅಂಗ್ಯಾಗ ಇದ್ರು. ಹಿಂಗಾಗಿ ನನಗೂ ನನ್ನ ಅಂಗಿ ಬಿಚ್ಚಬೇಕು ಅನಿಸಲಿಲ್ಲ.

ಮಗಳು ತನ್ನ ಹೊಸ ಅಂಗಿ ಹಾರಿಸಿಕೋತ ಓಡಿ ಬಂದ್ಲು. ಹಿಂದ ನಿಂತ ಗೆಳತ್ಯಾರನ್ನ ಒಮ್ಮೆ ನೋಡಿ, ನನ್ನ ಕಿವಿ ಹತ್ರ ಬಂದು ಅಂದ್ಲು, “ಅವ್ವಾ, ಮೊದಲ ಆ ಅಂಗಿ ಬಿಚ್ಚು.”

ಕಟ್ಟಿ ಮ್ಯಾಲಿನ ಹಿರೇರು ಬರೇ ಕೆಮ್ಮತಿದ್ರು. ಬಾಯಿಬಿಟ್ಟು ಯಾರೂ ಅಂದಿರಲಿಲ್ಲ.