ನಾಲ್ಕನೆಯವರಾಗಿ ಬಂದ ಕಲ್ಲು

ನನ್ನ ಗಂಡ ಅಡುಗೆಮನೆಯ ನೆಲದ ಮೇಲೆ ಇದ್ದಿಲಿನಿಂದ ದುಂಡಗೆ ಒಂದು ಗೆರೆ ಎಳೆದರು. ಇಲ್ಲಿ ಕೋಟೆಯ ಬಾಗಿಲು, ಮೇಲೆ ಹಾಳುಬಿದ್ದ ಅರಮನೆ, ಅದರಾಚೆ ನದಿಯ ಕಣಿವೆ. ಹತ್ತಿದ ದಾರಿಯಲ್ಲೇ ಇಳಿಯುವುದು ಬೇಡ, ಗೋಡೆಗುಂಟ ಸುತ್ತಿ ಮತ್ತೆ ಇದೇ ಬಾಗಿಲಿಗೆ ಬರೋಣ ಎಂದರು.

"ಗುಡ್ಡ ದೊಡ್ಡದೇನಲ್ಲ. ಮುದುಕರೂ ಹತ್ತತಾರ."

"ನೆಲಾ ಒರಸಾಕಿ ನಾನು. ಕಾಗದ ಸಿಗಲಿಲ್ಲೇನ್ರಿ?" ಅಂದೆ.

ಅರವತ್ತರ ದಶಕದ ಮಾತು. ರೈಲ್ವೆ ನೌಕರಿಯಲ್ಲಿ ಧಾರವಾಡದ ಕಡೆಯಿಂದ ವರ್ಗವಾಗಿ ಬಂದು ಬರೋಡಾದ ಗೋರ್ವಾದಲ್ಲಿ ಬಾಡಿಗೆಗಿದ್ದೆವು.

ಈ ಸುತ್ತಾಟವೆಲ್ಲ ಅವರ ತಂಗಿಯ ಸಲುವಾಗಿ. ಅವಳನ್ನು ಸೂರತ್ತಿಗೆ ಕೊಟ್ಟಿತ್ತು. ಒಂಬತ್ತು ತಿಂಗಳ ಗಂಡುಕೂಸು ಜ್ವರದಲ್ಲಿ ಹೋಯಿತು. ಅಂದಿನಿಂದ ಅವಳಿಗೆ ಮಾತಿಲ್ಲ, ನಿದ್ದೆಯಿಲ್ಲ. ಅತ್ತೆಮನೆಯವರು ತಂದುಬಿಟ್ಟು, "ಮಾತಾಡಿದ್ರ ಕಳಸ್ರಿ, ಇಲ್ಲಂದ್ರ ನಿಮ್ಮಲ್ಲೇ ಇರಲಿ" ಎಂದು ಹೋಗಿದ್ದರು. ಕೂಸು ತೀರಿ ಮೂರು ತಿಂಗಳಾಗಿತ್ತು. ಕಾಲು ದಣಿದರೆ ನಿದ್ದೆ ಬರುತ್ತದೆ, ನಿದ್ದೆ ಬಂದರೆ ಮಾತು ಬರುತ್ತದೆ ಎಂಬುದು ಗಂಡನ ಲೆಕ್ಕ. ಅಂಥವಳನ್ನು ಕಣಿವೆಯ ಅಂಚಿಗೆ ಒಯ್ಯುವುದು ಬಾವಿಕಟ್ಟೆಯ ಮೇಲೆ ಕೂರಿಸಿದ ಹಾಗೆ ಎಂಬುದು ನನ್ನದು. ಹೇಳಿದೆ, ಕೇಳಲಿಲ್ಲ. ಬೇರೆ ನೆಪ ತೆಗೆದೆ.

"ಹೊಂಟವರು ಮೂರು ಮಂದಿ. ಮೂರು ಮಂದಿ ಹೋದ ಕೆಲಸ ಕೆಡತೈತಿ."

"ಹಂಗಾದ್ರ ನಾಕನೇದವರು ಅಂತ ಒಂದು ಕಲ್ಲು ಇಟಗೊಳ್ಳೋಣು. ನಿಮ್ಮವ್ವ ಮಾಡ್ತಿದ್ದಿಲ್ಲೇನು?"

ಮಾಡುತ್ತಿದ್ದಳು. ಮೂವರು ಹೊರಟರೆ ಚೀಲಕ್ಕೊಂದು ಕಲ್ಲು ಹಾಕಿಕೊಳ್ಳುವುದು, ಹೋದಲ್ಲೇ ಅದನ್ನು ಬಿಟ್ಟು ಬರುವುದು. ಮನೆಗೆ ಮರಳಿ ತರಬಾರದು. ನಾನು ಇನ್ನೇನೋ ಹೇಳುವಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ನಾದಿನಿ ಎದ್ದು ಹಿತ್ತಲಿಗೆ ಹೋದಳು. ತೆಂಗಿನಕಾಯಿಯಷ್ಟು ದಪ್ಪದ ನುಣುಪು ಕಲ್ಲು ತಂದು ತೊಡೆಯ ಮೇಲಿಟ್ಟುಕೊಂಡಳು.

"ಅಷ್ಟು ದೊಡ್ಡದ್ಯಾಕ ತಂಗಿ? ಅಡಕಿಯಷ್ಟಿದ್ರ ಸಾಕು."

ಸೆರಗಿನಿಂದ ಕಲ್ಲಿನ ಮಣ್ಣು ಒರೆಸತೊಡಗಿದಳು.

ಹೊರಡುವ ಬೆಳಿಗ್ಗೆ ನೋಡಿದರೆ ಕಲ್ಲಿಗೆ ಕುಂಚಿಗೆ ತೊಡಿಸಿದ್ದಳು. ಕೂಸುಗಳ ತಲೆಯಿಂದ ಬೆನ್ನಿನವರೆಗೆ ಬರುವ ಹೊದಿಕೆ, ಕೆಂಪು ಅಂಚಿನದು. ನಾನೇ ಹೊಲಿದು ಸೂರತ್ತಿಗೆ ಕಳಿಸಿದ್ದು. ಗಂಡ ನನ್ನ ಮುಖ ನೋಡಿದರು. ನಾನು ರೊಟ್ಟಿ ಕಟ್ಟಿದೆ.

ಪಾವಾಗಢಕ್ಕೂ ಆಚೆ ಬಸ್ಸಿಳಿದು ನಡೆದೆವು. ಕಲ್ಲು ಅವಳ ಸೊಂಟದ ಮೇಲಿತ್ತು. ಕೋಟೆಯ ಬಾಗಿಲಲ್ಲಿ ಒಬ್ಬ ಮುದುಕಿ ಮಜ್ಜಿಗೆ ಮಾರುತ್ತಿದ್ದಳು. ನಮಗೆ ಹೊಯ್ದುಕೊಟ್ಟು ನಾದಿನಿಯ ಹತ್ತಿರ ಬಂದಳು. ಕುಂಚಿಗೆಯ ಅಂಚನ್ನು ಬೆರಳಿಂದ ಸರಿಸಿ ಒಳಗೆ ಬಗ್ಗಿ ನೋಡಿದಳು. ನೋಡಿ, ಎರಡೂ ಕೈಗಳನ್ನು ತನ್ನ ಕಪಾಳಕ್ಕೆ ಒತ್ತಿ, ದೃಷ್ಟಿ ತೆಗೆಯುವಂತೆ ನೆಟಿಗೆ ಮುರಿದಳು.

"ಕೇಟ್ಲಾ ಮಹಿನಾನೋ?" ಅಂದಳು. ಎಷ್ಟು ತಿಂಗಳಿನವನು?

"ಏಕ್ ವರಸ್," ಅಂದಳು ನಮ್ಮ ನಾದಿನಿ.

ಮೂರು ತಿಂಗಳಲ್ಲಿ ಅದೇ ಮೊದಲ ಮಾತು. ಗಂಟಲು ತುಕ್ಕು ಹಿಡಿದಂತಿತ್ತು. ಒಂಬತ್ತಕ್ಕೆ ಮೂರು ಕೂಡಿಸಿದೆ. ಹೌದು, ಇದ್ದಿದ್ದರೆ ವರ್ಷ ತುಂಬುತ್ತಿತ್ತು.

ಗಂಡ ಖುಷಿಯಾಗಿ, "ನೋಡಿದ್ಯಾ, ಬಾಯಿ ಬಿಟ್ಲು" ಎಂದು ಪಿಸುಗುಟ್ಟಿದರು.

"ಯಾರ ಸಲುವಾಗಿ ಬಿಟ್ಲು ಅದನ್ನ ನೋಡ್ರಿ ಮೊದಲ."

ಮೇಲೆ ಅರಮನೆಗೆ ಮಾಡು ಇರಲಿಲ್ಲ. ಗಾಳಿ ಬಿದ್ದುಹೋಗಿತ್ತು, ಒಂದು ಹಕ್ಕಿಯ ಸದ್ದೂ ಇಲ್ಲ. ನಾವು ಆಡಿದ ಮಾತು ಗೋಡೆಗೆ ಬಡಿದು ತಡವಾಗಿ, ಬೇರೆ ಯಾರೋ ಆಡಿದಂತೆ ವಾಪಸು ಬರುತ್ತಿತ್ತು. ಅವಳು ನಮಗಿಂತ ಮುಂದೆ ಹೋಗಿ ಒಡೆದ ಕಿಟಕಿಯಲ್ಲಿ ಕೂತು ಕಾಲು ಹೊರಗೆ ಇಳಿಬಿಟ್ಟಳು. ಕಾಲ ಕೆಳಗೆ ಏನೂ ಇರಲಿಲ್ಲ. ಬಹಳ ಕೆಳಗೆ ನದಿ. ಕಲ್ಲನ್ನು ಎದೆಗೊತ್ತಿಕೊಂಡು ಮೆಲ್ಲಗೆ ತೂಗುತ್ತಿದ್ದಳು.

ಕೂಗಿದರೆ ಬೆಚ್ಚಿ ಬೀಳುತ್ತಾಳೆ ಎಂದು ಗಂಡ ಬಾಯಿ ಮುಚ್ಚಿಕೊಂಡು ನಿಂತರು. ಅಷ್ಟು ಬುದ್ಧಿ ಇತ್ತು. ನಾನು ಹಿಂದೆ ಕೂತು ಬಟ್ಟೆ ಹಾಸಿದೆ. ಜೋಳದ ರೊಟ್ಟಿ, ಮೇಲೆ ಶೇಂಗಾ ಚಟ್ನಿ, ನಾಲ್ಕು ಕಡೆ ಇಟ್ಟೆ.

"ನಾಕು ಮಂದಿ ಬಂದೀವಿ, ನಾಕು ಮಂದಿಗೆ ಹಚ್ಚೀನಿ. ಬಾ ತಂಗಿ, ಇಬ್ಬರೂ ಬರ್ರಿ."

ತೂಗುವುದು ನಿಂತಿತು. ಕತ್ತು ತಿರುಗಿಸಿ ನಾಲ್ಕನೆಯ ರೊಟ್ಟಿಯನ್ನು ನೋಡಿದಳು.

"ಇದು ಕಲ್ಲು, ವೈನಿ," ಅಂದಳು. "ರೊಟ್ಟಿ ಯಾಕ ಹಾಳ ಮಾಡ್ತೀರಿ?"

ಕಾಲು ಒಳಗೆ ಎಳೆದುಕೊಂಡಳು. ಕುಂಚಿಗೆ ಬಿಚ್ಚಿ ಮಡಚಿದಳು. ಕಲ್ಲನ್ನು ಕಿಟಕಿಯಲ್ಲೇ ಇಟ್ಟು ಬಂದು, ತನ್ನದನ್ನೂ ಅದರದ್ದನ್ನೂ ತಿಂದಳು.

ಗೋಡೆಗುಂಟ ಇಳಿದು ಸುತ್ತು ಮುಗಿಸಿದಾಗ ಮತ್ತೆ ಅದೇ ಬಾಗಿಲು, ಅದೇ ಮುದುಕಿ. ಬರಿಗೈಯಲ್ಲಿದ್ದ ನಾದಿನಿಯನ್ನು ನೋಡಿ, "ಬಾಬೋ ಕ್ಯಾಂ?" ಎಂದು ಕೇಳಿದಳು. ಕೂಸೆಲ್ಲಿ?

"ಉಪರ್ ಸೂತೋ ಛೇ." ಮೇಲೆ ಮಲಗಿದ್ದಾನೆ.

ಹಾಳು ಕೋಟೆಯಲ್ಲಿ ಕೂಸನ್ನು ಬಿಟ್ಟು ಬಂದೆ ಎಂದರೆ ಯಾವ ಹೆಂಗಸಾದರೂ ಚೀರಬೇಕು. ಇವಳು ತಲೆಯಾಡಿಸಿದಳು. "ಸೂವಾ ದೇ," ಅಂದಳು. ಮಲಗಲಿ ಬಿಡು. ಮಡಕೆಯ ಬಾಯಿ ಮುಚ್ಚಿದಳು.

ನಾದಿನಿ ಬಸ್ಸಿನಲ್ಲಿ ನನ್ನ ಹೆಗಲ ಮೇಲೆ ಜೊಲ್ಲು ಸುರಿಸುತ್ತ ನಿದ್ದೆ ಹೋದಳು. ಹದಿನೈದು ದಿನದೊಳಗೆ ಸೂರತ್ತಿಗೆ ಕಳಿಸಿದೆವು. ಬಾಳುವೆ ಮಾಡಿದಳು, ಬೇಕಾದಷ್ಟು ಜಗಳವನ್ನೂ ಆಡಿದಳು.

ಮುದುಕಿಯ ಕಣ್ಣು ಮಂಜಾಗಿತ್ತು ಎಂದು ಗಂಡ ಕೊನೆಯವರೆಗೂ ಸಾಧಿಸಿದರು. ಆದರೆ ಅವತ್ತು ನನ್ನ ಲೋಟಕ್ಕೆ ಮಜ್ಜಿಗೆ ಹೊಯ್ದವಳು, ಅದರಲ್ಲಿ ತೇಲುತ್ತಿದ್ದ ಸಾಸಿವೆಗಿಂತ ಸಣ್ಣ ಇರುವೆಯನ್ನು ಉಗುರಿನ ತುದಿಯಿಂದ ಎತ್ತಿ ಹಾಕಿ ಕೊಟ್ಟಿದ್ದಳು.