ಎರಡು ರೇಡಿಯೋ, ಒಂದು ಫ್ರಿಜ್

ಎರಡು ಸಾವಿರದ ದಶಕದ ಮಧ್ಯದಲ್ಲಿ ನಾನೂ ನನ್ನ ಕಾಲೇಜು ಗೆಳತಿಯೂ ಚಾಮರಾಜಪೇಟೆಯ ಒಂದು ಮನೆಯ ಹಿಂದಿನ ಕೋಣೆಯಲ್ಲಿ ಸಣ್ಣ ಎಲೆಕ್ಟ್ರಾನಿಕ್ಸ್ ವರ್ಕ್‌ಶಾಪ್ ನಡೆಸುತ್ತಿದ್ದೆವು. ಬಸವನಗುಡಿಯ ಮಕ್ಕಳ ಆಸ್ಪತ್ರೆಯೊಂದು ಕೆಲಸ ಕೊಟ್ಟಿತು. ಲಸಿಕೆ ಇಡುವ ಫ್ರಿಜ್ ಎಷ್ಟು ತಣ್ಣಗಿದೆ ಅನ್ನುವುದು ಆಫೀಸಿನ ಕಂಪ್ಯೂಟರಿನಲ್ಲೇ ಕಾಣಬೇಕು. ಹಳೇ ಕಲ್ಲಿನ ಕಟ್ಟಡ, ವೈರ್ ಎಳೆಯುವ ಹಾಗಿಲ್ಲ. ಸಿಮ್ ಹಾಕಿದ ಮೋಡೆಮ್ ಬ್ಯಾಟರಿಯನ್ನು ಬೇಗ ತಿಂದುಹಾಕುತ್ತಿತ್ತು. ಉಳಿದದ್ದು ಕಡಿಮೆ ಕರೆಂಟಿನ ಪುಟ್ಟ ರೇಡಿಯೋಗಳು. ಅದರಲ್ಲಿ ಯಾವುದು ಅಂತ ನಮ್ಮಿಬ್ಬರಿಗೂ ಜಗಳ.

ಅವಳದು, ಒಂದು ರೇಡಿಯೋ ಇನ್ನೊಂದಕ್ಕೆ ಸುದ್ದಿ ದಾಟಿಸುವ ಜಾಲ. ವೇಗವಾಗಿತ್ತು, ಆದರೆ ನಡುವಿನ ರೇಡಿಯೋಗಳು ಸದಾ ಎಚ್ಚರವಾಗಿರಬೇಕು. ನನ್ನದು ನಿಧಾನ. ಆಗೊಮ್ಮೆ ಈಗೊಮ್ಮೆ ಎದ್ದು, ನೇರ ಆಫೀಸಿಗೇ ಸುದ್ದಿ ಕಳಿಸಿ ಮತ್ತೆ ಮಲಗುವಂಥದ್ದು. ನಾವು ಮಾತು ಬಿಡುವ ಹಂತಕ್ಕೆ ಬಂದಾಗ ಆಸ್ಪತ್ರೆಯ ಹಿರಿಯ ಡಾಕ್ಟರಮ್ಮ, "ಎರಡನ್ನೂ ಇಡಿ, ನೋಡೋಣ" ಅಂದರು.

ಒಂದು ಸಂಜೆ ನಾವು ಅಲ್ಲಿದ್ದಾಗಲೇ ಕರೆಂಟ್ ಹೋಯಿತು. ಜನರೇಟರ್ ಸ್ಟಾರ್ಟ್ ಆಗಲಿಲ್ಲ. ಯುಪಿಎಸ್ ಮೇಲಿದ್ದ ಕಂಪ್ಯೂಟರಿನಲ್ಲಿ ಅವಳ ರೇಡಿಯೋ ನಾಲ್ಕು ಡಿಗ್ರಿ ಅನ್ನುತ್ತಿತ್ತು, ನನ್ನದು ಏಳು. ಎಂಟು ದಾಟಿದರೆ ಲಸಿಕೆ ಕೆಡುತ್ತದೆ.

"ನಿನ್ನದು ಏನೋ ತಪ್ಪು ತೋರಿಸ್ತಿದೆ ಕಣೇ" ಅಂದಳು ಗೆಳತಿ.

ಥರ್ಮಾಮೀಟರ್ ಇದ್ದದ್ದು ಫ್ರಿಜ್ ಒಳಗೆ. "ಬಾಗಿಲು ತೆಗೆದು ನೋಡ್ಲಾ?" ಅಂತ ನರ್ಸ್ ಕೇಳಿದರು.

"ಬೇಡ, ತೆಗೆದ್ರೆ ಒಳಗಿರೋ ತಂಪೂ ಹೋಗುತ್ತೆ" ಅಂದ ಡಾಕ್ಟರಮ್ಮ ನಮ್ಮ ಕಡೆ ತಿರುಗಿದರು. "ನಾಲ್ಕೇ ಇದ್ರೆ ಮುಟ್ಟಬಾರದು. ಏಳಾಗಿದ್ರೆ ಈಗಲೇ ಐಸ್ ಬಾಕ್ಸಿಗೆ ತುಂಬಬೇಕು. ಯಾರನ್ನ ನಂಬಲಿ, ಹೇಳ್ರಮ್ಮ."

ನನ್ನದೇ ಸರಿ ಅಂತ ಇಷ್ಟು ದಿನ ವಾದಿಸಿದವಳಿಗೆ ಆ ಗಳಿಗೆಯಲ್ಲಿ ಧೈರ್ಯ ಬರಲಿಲ್ಲ. ಗೆಳತಿ ಪರದೆಯನ್ನೇ ದಿಟ್ಟಿಸುತ್ತ, ತನ್ನ ರೇಡಿಯೋದ ಹಿಂದಿನ ಅಂಕಿಗಳನ್ನು ತೆಗೆದು ನೋಡಿದಳು. ಮಧ್ಯಾಹ್ನದಿಂದ ಒಂದು ಚೂರೂ ಬದಲಾಗಿರಲಿಲ್ಲ.

"ಮೇಡಂ, ನನ್ನದು ಸತ್ತಿದೆ. ಈ ನಾಲ್ಕು ಮಧ್ಯಾಹ್ನದ ಅಂಕಿ. ಅವಳದನ್ನ ನಂಬಿ."

ಎಲ್ಲರೂ ಓಡಿದೆವು. ಬಾಗಿಲು ತೆಗೆದಾಗ ಥರ್ಮಾಮೀಟರ್ ಏಳು ದಾಟಿತ್ತು, ಇನ್ನೂ ಎಂಟು ಮುಟ್ಟಿರಲಿಲ್ಲ. ಲಸಿಕೆಯೆಲ್ಲ ಐಸ್ ಬಾಕ್ಸ್ ಸೇರಿತು. ಆಮೇಲೆ ಹುಡುಕಿದರೆ, ಮೆಟ್ಟಿಲ ಹತ್ತಿರವಿದ್ದ ಅವಳ ನಡುವಿನ ರೇಡಿಯೋದ ಬ್ಯಾಟರಿ ಪೂರ್ತಿ ಖಾಲಿ.

ಆಸ್ಪತ್ರೆ ನನ್ನ ರೇಡಿಯೋವನ್ನೇ ಒಪ್ಪಿತು. ಹಿಂದಿರುಗುವಾಗ ಆಟೋದಲ್ಲಿ ಅವಳು ಆ ಖಾಲಿ ಬ್ಯಾಟರಿಯನ್ನು ಕೈಯಲ್ಲಿ ತಿರುಗಿಸುತ್ತ ಕೂತಿದ್ದಳು. ವರ್ಕ್‌ಶಾಪ್ ಬಿಟ್ಟುಹೋಗುತ್ತಾಳೇನೋ ಅಂತ ನನಗೆ ಭಯ.

"ಸುದ್ದಿ ಬಂದು ಎಷ್ಟು ಹೊತ್ತಾಯ್ತು ಅಂತಾನೂ ಪರದೆ ತೋರಿಸಬೇಕು" ಅಂದಳು ಕೊನೆಗೆ. "ನಿಂದೂ ಒಂದಿನ ಸಾಯುತ್ತೆ. ಅದರ ಪ್ರೋಗ್ರಾಂ ನಾನು ಬರೀತೀನಿ."

ನಾನು ಹೂಂ ಅಂದೆ.