ಕಲ್ಲಿರುವ ಬೇಳೆ

ಮೊನ್ನೆ ನೆಹರು ಗಂಜಿನ ಅಂಗಡಿಯೊಂದರಲ್ಲಿ ನಾನು ಕಲ್ಲಿರುವ ತೊಗರಿ ಬೇಳೆ ಕೇಳಿದೆ. ಅಂಗಡಿಯವರು ನಾನು ಚೇಷ್ಟೆ ಮಾಡುತ್ತಿದ್ದೇನೆಂದು ತಿಳಿದು ಮುಖ ಗಂಟಿಕ್ಕಿದರು. "ಮೇಡಂ, ಮಷೀನಿನ್ಯಾಗ ಹಸನ ಮಾಡಿದ್ದ ಮಾಲ್ ಅದ. ಒಂದ್ ಕಲ್ಲ ತೋರಸ್ರಿ ನೋಡೋಣ" ಎಂದರು. "ಅದು ಬ್ಯಾಡ್ರಿ. ಕಲ್ಲು, ಕಸ, ಹೊಟ್ಟು ಎಲ್ಲಾ ಇದ್ದದ್ದು ಕೊಡ್ರಿ" ಎಂದೆ. ಅವರು ಒಳಗಿದ್ದ ಹಮಾಲನ ಕಡೆ ತಿರುಗಿ, "ಅರೆ ಭಾಯ್, ಪೀಛೇಕಾ ಚೀಲಾ ಲಾವ್. ಮೇಡಂಕು ಕಂಕರ್ ಹೋನಾ ಕತೆ, ಕಲ್ಲ ಬೇಕಂತ" ಎಂದು ನಕ್ಕರು. ಚೀಲದ ಬಾಯಿ ಬಿಚ್ಚಿದ್ದೇ ತಡ, ಒಣಮಣ್ಣು ಮತ್ತು ಹೊಟ್ಟಿನ ವಾಸನೆ ಮೂಗಿಗೆ ಹೊಡೆಯಿತು. ನನಗೆ ಕಮಲಾಪುರದ ನಮ್ಮ ಮೌಶಿಯ ಮನೆಯ ಕಟ್ಟೆ ನೆನಪಾಯಿತು.

ಈ ಹೆಂಗಸಿಗೆ ತಲೆ ಕೆಟ್ಟಿದೆ ಎಂದು ನೀವು ತೀರ್ಮಾನಿಸುವ ಮೊದಲು ಸ್ವಲ್ಪ ಕೇಳಿ. ಕೆಟ್ಟಿರುವುದು ನಿಜ, ಆದರೆ ಅದಕ್ಕೊಂದು ಕಾರಣವಿದೆ.

ನಾನು ಕಲಬುರಗಿಯ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಅವ್ವನ ಕಣ್ಣಿನ ಆಪರೇಷನ್ ಇದ್ದಾಗ ರಜೆ ಹಾಕಿದೆ. ಅಂದೇ ಸಂಜೆ ನಮ್ಮ ಮುಖ್ಯೋಪಾಧ್ಯಾಯರು ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ ಬರೆದರು: "ಕೆಲವರ ತಾಯಂದಿರಿಗೆ ಸರಿಯಾಗಿ ಪರೀಕ್ಷೆ ಹೊತ್ತಿಗೇ ಕಣ್ಣು ಮಂಜಾಗುತ್ತದೆ." ಅದರ ಕೆಳಗೆ ನನ್ನ ಸಹೋದ್ಯೋಗಿಗಳ ಹಳದಿ ನಗೆಮುಖಗಳು. ಅವ್ವ ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಪಕ್ಕದಲ್ಲೇ ಮಲಗಿದ್ದಳು. ಅಂದಿನಿಂದ ಫೋನು ಟಿಂಗ್ ಎಂದರೆ ಸಾಕು, ಎದೆ ಡವಡವ ಎನ್ನುತ್ತದೆ. ನನ್ನದೇ ಫೋನಾಗಬೇಕೆಂದೂ ಇಲ್ಲ. ರೋಜಾ ಬಡಾವಣೆಯ ಕಡೆ ಹೋಗುವ ಆಟೋದಲ್ಲಿ ಪಕ್ಕದವರ ಫೋನು ಟಿಂಗ್ ಎಂದರೂ ನಾನು ಬೆಚ್ಚಿಬೀಳುತ್ತೇನೆ.

ಇನ್ನು ತಮಾಷೆ ನೋಡಿ. ಶಿಕ್ಷಕರ ಮುಖದಲ್ಲಿ ಲವಲವಿಕೆ ಇಲ್ಲವೆಂದು ಅದೇ ಮಹಾಶಯರು ಭಾನುವಾರ 'ಒತ್ತಡವಿಲ್ಲದ ಬದುಕು' ಎಂಬ ಶಿಬಿರ ಇಟ್ಟರು. ಹಾಜರಿ ಕಡ್ಡಾಯ, ತಪ್ಪಿಸಿದರೆ ಒಂದು ರಜೆ ಕಟ್! ವಾರಕ್ಕೊಮ್ಮೆ ಸಿಗುವ ಬಿಡುವನ್ನೂ ಕಿತ್ತುಕೊಂಡು ನಮಗೆ ವಿಶ್ರಾಂತಿ ಕಲಿಸಿದರು. ತರಬೇತಿ ಕೊಡಲು ಬಂದವರು ಮೆತ್ತಗಿನ ದನಿಯಲ್ಲಿ, "ಕಣ್ಣು ಮುಚ್ಚಿ. ನೀವೀಗ ಸಮುದ್ರದ ದಂಡೆಯಲ್ಲಿದ್ದೀರಿ" ಎಂದರು. ಹುಟ್ಟಿದಾಗಿನಿಂದ ಈ ಬಿಸಿಲು ಕುಡಿದು ಬೆಳೆದ ನನಗೆ ಸಮುದ್ರ ಎಲ್ಲಿಂದ ಬರಬೇಕು? ಕಣ್ಣು ಮುಚ್ಚಿದರೆ ಎದುರಿಗೆ ಬಂದದ್ದು ಹಳದಿ ನಗೆಮುಖಗಳೇ. "ಉಸಿರು ನಿಧಾನ ಎಳಕೊಳ್ಳಿ, ಇನ್ನೂ ನಿಧಾನ ಬಿಡಿ" ಎಂದರು. ಪಾಪ, ಅವರು ಹೇಳಿದ್ದು ತಪ್ಪಲ್ಲ. ಆದರೆ ನಮ್ಮ ಉಸಿರು ಕಟ್ಟಿಸಿದವರು ಮುಂದಿನ ಸಾಲಿನಲ್ಲೇ ಕಣ್ಣು ಮುಚ್ಚಿ ಕೂತಿದ್ದರಲ್ಲ, ಅದನ್ನು ಯಾರೂ ಕೇಳುವಂತಿರಲಿಲ್ಲ. ಮೈಯೆಲ್ಲ ಉರಿಯಿತು.

ಎದ್ದು ಹೇಳಬೇಕಿತ್ತು ಎನ್ನುತ್ತೀರಿ. ನನ್ನ ಕಷ್ಟ ಅಲ್ಲೇ ಇರುವುದು. ಸಿಟ್ಟು ಬಂದರೆ ನನಗೆ ಮೊದಲು ಬರುವುದು ಅಳು. ದನಿ ಒಡೆಯುತ್ತದೆ, ಗದ್ದ ನಡುಗುತ್ತದೆ, ಹೇಳಬೇಕಾದ ಮಾತೆಲ್ಲ ಗಂಟಲಲ್ಲೇ ಉಳಿಯುತ್ತದೆ. ಎದುರಿನವರು ಒಂದು ಲೋಟ ನೀರು ಕೊಟ್ಟು ಕಳಿಸುತ್ತಾರೆ. ಈ ಗುಣ ನನಗೆ ಬಂದದ್ದು ಅವ್ವನ ತಂಗಿಯಿಂದ, ಅಂದರೆ ಕಮಲಾಪುರದ ಮೌಶಿಯಿಂದ.

ಮೌಶಿಯ ಮನೆಯ ಎದುರಿನವರು ತಮ್ಮ ಬಚ್ಚಲ ನೀರನ್ನು ಅವಳ ಬಾಗಿಲ ಮುಂದಕ್ಕೆ ತಿರುಗಿಸಿದ್ದರು. ಆ ಮನೆಯ ಯಜಮಾನರು ಊರಲ್ಲಿ ನಾಲ್ಕು ಜನ ಮಾತು ಕೇಳುವಂಥ ಮನುಷ್ಯ. ಮೌಶಿ ಕೇಳಲು ಹೋಗಿ, ಬಾಯಿ ತೆರೆಯುವ ಮೊದಲೇ ಅತ್ತುಬಿಟ್ಟಳು. "ಸಮಾಧಾನ ಮಾಡ್ಕೋರಿ ಅಕ್ಕಾರ, ಇಷ್ಟಕ್ಕ ಯಾರರೆ ಅಳ್ತಾರೇನು?" ಎಂದು ಅವರು ನಕ್ಕು ಕಳಿಸಿದರು. ಓಣಿಯ ಹೆಂಗಸರೂ ಸಮಾಧಾನ, ಸಮಾಧಾನ ಎಂದರೇ ಹೊರತು, ಆ ನೀರು ಯಾರದು ಎನ್ನಲಿಲ್ಲ.

ಆಗ ಬೇಸಿಗೆ ರಜೆಗೆ ನಾನು ಅಲ್ಲಿದ್ದೆ. ಮಾರನೆಯ ದಿನ ಮೌಶಿ ಕಾಲಿಗೆ ತಣ್ಣೀರು ಸುರುವಿಕೊಂಡು ಬಂದು, ಗೋಡೆಗೆ ಬೆನ್ನು ಕೊಟ್ಟು ಕಟ್ಟೆಯ ಮೇಲೆ ಕುಳಿತಳು. ತೊಡೆಯ ಮೇಲೆ ಮರ, ಅಂದರೆ ಬಿದಿರಿನ ಮೊರ, ಇಟ್ಟುಕೊಂಡು ಬೇಳೆ ಹಸನು ಮಾಡತೊಡಗಿದಳು. ಕಲ್ಲು ಹೆಕ್ಕುವ ಬೆರಳು ಮೊದಮೊದಲು ನಡುಗುತ್ತಿದ್ದವು. ಆಮೇಲೆ ಮರವನ್ನು ನನ್ನ ಮುಂದೆ ಹಿಡಿದಳು.

"ಊದು. ಜೋರಾಗಿ ಅಲ್ಲ. ಹೊಟ್ಟ ಅಷ್ಟ ಹಾರಬೇಕು, ಬ್ಯಾಳಿ ಹಾರಬಾರದು."

ನಾನು ಊದಿದೆ. ಬೇಳೆಯೂ ಹೊಟ್ಟೂ ಕೂಡಿಯೇ ಹಾರಿ ಅವಳ ಮುಖಕ್ಕೆ ಬಡಿದವು. ಅವಳು ಬೈಯದೆ ತಾನೇ ಊದಿ ತೋರಿಸಿದಳು. ತುಟಿ ಸ್ವಲ್ಪವೇ ತೆರೆದು, ತೆಳ್ಳಗೆ, ಎದೆಯ ಗಾಳಿ ಖಾಲಿಯಾಗುವ ತನಕ.

"ಹಿಂಗ್ ಮಾಡಿದ್ರ ಸಿಟ್ಟು ಇಳೀತದೇನ ಮೌಶಿ?"

"ಸಿಟ್ಟು ಯಾಕ ಇಳೀಬೇಕು? ನಡಗೋದು ನಿಂತ್ರ ಸಾಕು."

ಬೆರಳು ಗಟ್ಟಿಯಾದ ಮೇಲೆ ಅವಳು ಚಪ್ಪಲಿ ಮೆಟ್ಟಿಕೊಂಡು, ಮರವನ್ನು ಕಂಕುಳಲ್ಲಿ ಹಿಡಿದು ಎದುರು ಮನೆಗೆ ನಡೆದಳು. ನಾನು ಹಿಂದೆ ಓಡಿದೆ. "ನಿಮ್ಮ ಬಚ್ಚಲ ನೀರು ನಿಮ್ಮ ಅಂಗಳದಾಗ ಹರೀಲಿ. ಮೋರಿ ತಿರಗಸೋತನಕ ನಾ ಇಲ್ಲೇ ಕೂಡ್ತೀನಿ" ಎಂದಳು. ದನಿ ಏರಲಿಲ್ಲ, ಒಡೆಯಲೂ ಇಲ್ಲ. ಹಾಗೇ ಅವರ ಕಟ್ಟೆಯ ಮೇಲೆ ಕುಳಿತು ಉಳಿದ ಬೇಳೆ ಹಸನು ಮಾಡಿದಳು. ಹೋಗಿಬರುವವರೆಲ್ಲ ನಿಂತು ಕಾರಣ ಕೇಳಿದರು, ಅವಳು ಎಲ್ಲರಿಗೂ ಅದೇ ದನಿಯಲ್ಲಿ ಹೇಳಿದಳು. ಸಂಜೆಯೊಳಗೆ ಗುದ್ದಲಿಯ ಸಪ್ಪಳ ಕೇಳಿಸಿತು. ಮನೆಗೆ ಬಂದು ನನಗೊಂದು ಕೆಂಬಾಳೆ ಹಣ್ಣು ಸುಲಿದುಕೊಟ್ಟು, ತಾನೊಂದು ತಿಂದಳು.

ಮೌಶಿ ಈಗಿಲ್ಲ. ಅವಳ ಮರ ನಮ್ಮ ಅಡುಗೆಮನೆಯ ಮೊಳೆಗೆ ನೇತಾಡುತ್ತಿದೆ. ಅಂಗಡಿಯ ಬೇಳೆಯಲ್ಲಿ ಹೆಕ್ಕಲು ಏನೂ ಇಲ್ಲದ್ದರಿಂದ ಅದಕ್ಕೂ ಕೆಲಸವಿರಲಿಲ್ಲ. ಇಂದು ಬೆಳಿಗ್ಗೆ ಕೆಳಗಿಳಿಸಿ ಧೂಳು ಒರೆಸಿದೆ. ಕಾಲಿಗೆ ನೀರು ಹಾಕಿಕೊಂಡು ಬಂದು ಕುಳಿತೆ. ಮೊನ್ನೆ ತಂದ ಬೇಳೆಯ ಕಲ್ಲು ಹೆಕ್ಕುವಾಗ ಫೋನು ಟಿಂಗ್ ಎಂದಿತು. ಎದೆ ಹಾರಿತು. ಹೊಟ್ಟು ಊದಿದೆ, ಮತ್ತೆ ಊದಿದೆ. ಮಂಚದ ಮೇಲಿಂದ ಅವ್ವ, "ಯಾಕವಾ, ಇವತ್ತ ಯಾರ ಜೋಡಿ ಜಗಳ ಅದ?" ಎಂದಳು. ತನ್ನ ತಂಗಿಯನ್ನು ಅವಳು ಚೆನ್ನಾಗಿ ಬಲ್ಲಳು. ನಾನು ಮರ ಕೆಳಗಿಟ್ಟು ಎದ್ದೆ. ಸಿಟ್ಟು ಹಾಗೇ ಇತ್ತು, ಬೆರಳಿನ ನಡುಕ ಮಾತ್ರ ನಿಂತಿತ್ತು.

ಶಾಲೆಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ನೇರ ಮುಖ್ಯೋಪಾಧ್ಯಾಯರ ಕೋಣೆಗೆ ಹೋದೆ.

"ಸರ್, ನಮ್ಮ ಅವ್ವನ ಬಗ್ಗೆ ಗ್ರೂಪಿನ್ಯಾಗ ಬರದೀರಿ. ತಪ್ಪಾತು ಅಂತ ಅದೇ ಗ್ರೂಪಿನ್ಯಾಗ ಬರೀರಿ."

ಅವರು ಕುರ್ಚಿಗೆ ಒರಗಿ, ಶಿಬಿರದ ಮೆತ್ತಗಿನ ದನಿಯನ್ನು ತಂದುಕೊಂಡರು. "ಮೇಡಂ, ಟೆನ್ಶನ್ ತಗೋಬ್ಯಾಡ್ರಿ. ಮೊದಲ ಉಸಿರು ಎಳಕೋರಿ."

"ಎಳಕೊಂಡೇ ಬಂದೀನ್ರಿ ಸರ್" ಎಂದೆ. ಅವರು ಬರೆಯುವ ತನಕ ಕಾಯಲೆಂದು, ಎದುರಿನ ಕುರ್ಚಿ ಎಳೆದುಕೊಂಡು ಕುಳಿತೆ.